ಡ್ರಮ್ ಬಾರಿಸುತ್ತಿದ್ದ ಹುಡುಗ ಬೈಬಲ್ ಕೀರ್ತನೆಗಳಿಗೆ ರಾಗ ಹಾಕಿದ್ದು: ಸ್ಟೀವ್ ರೈಶ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೃದಂಗ, ತಬಲಾ, ಡ್ರಮ್ ಕಲಿಯುವ ಗೆಳೆಯರಿಗೆ ಮತ್ತು ಅವರ ಮಕ್ಕಳಿಗೆ ನಾನು ಸ್ಟೀವ್ ರೈಶ್ ಸಂಗೀತ ಕೇಳಿಸುತ್ತಾ ಬಂದು ಎಷ್ಟೋ ವರ್ಷ ಆಯಿತು. ಪ್ರತಿ ಸಲ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಡುತ್ತಿದ್ದೇನೆ.

ಯಾರು ಈ ಸ್ಟೀವ್ ರೈಶ್? ಹೆಸರನ್ನು ಹೇಗೆ ಹೇಳಬೇಕು?

ಅಮೆರಿಕದ ಸಂಗೀತ ಸಂಯೋಜಕರು. ಹುಟ್ಟಿದ್ದು 1936ರ ಅಕ್ಟೋಬರ್ 3ರಂದು, ನ್ಯೂಯಾರ್ಕ್‌ನಲ್ಲಿ. ಹೆಸರು ರೈಶ್. ತುಂಬಾ ಜನ ರೀಚ್ ಅನ್ನುತ್ತಾರೆ, ಅದು ತಪ್ಪು. ಈಗ ಬದುಕಿರುವ ದೊಡ್ಡ ಸಂಯೋಜಕರ ಹೆಸರು ಹೇಳಿ ಅಂದರೆ ನಾನು ಮೊದಲು ಹೇಳುವ ಹೆಸರು ಇವರದೇ. 2009ರಲ್ಲಿ ‘ಡಬಲ್ ಸೆಕ್ಸ್‌ಟೆಟ್’ ಕೃತಿಗೆ ಪುಲಿಟ್ಜರ್ ಪ್ರಶಸ್ತಿ ಬಂತು.

ಇವರು ನಿಜವಾಗಿ ಡ್ರಮ್ಮರ್ ಆಗಿದ್ದರಾ?

ಹೌದು. ಚಿಕ್ಕವರಿದ್ದಾಗ ಎಲ್ಲರ ಮನೆ ಮಕ್ಕಳ ಹಾಗೆ ಪಿಯಾನೊ ಪಾಠಕ್ಕೆ ಹೋದರು. ಮನಸ್ಸು ಅಲ್ಲಿ ನಿಲ್ಲಲಿಲ್ಲ. 14ನೇ ವಯಸ್ಸಿನಲ್ಲಿ ಮೂರು ಬಗೆಯ ಸಂಗೀತ ಹತ್ತಿರ ಹತ್ತಿರದಲ್ಲೇ ಕಿವಿಗೆ ಬಿತ್ತು: ಸ್ಟ್ರಾವಿನ್‌ಸ್ಕಿಯ ‘ರೈಟ್ ಆಫ್ ಸ್ಪ್ರಿಂಗ್’, ಬಾಖ್‌ನ ಐದನೇ ಬ್ರಾಂಡೆನ್‌ಬರ್ಗ್ ಕಾನ್ಸರ್ಟೊ, ಆಮೇಲೆ ಬೀಬಾಪ್ ಅನ್ನುವ ವೇಗದ ಜಾಝ್. ಬೀಬಾಪ್‌ನಲ್ಲಿ ಕೆನಿ ಕ್ಲಾರ್ಕ್ ಡ್ರಮ್ ಬಾರಿಸುವ ರೀತಿ ಕೇಳಿ ಹುಡುಗನಿಗೆ ಹುಚ್ಚು ಹಿಡಿಯಿತು. ರೋಲಂಡ್ ಕೊಹ್ಲಾಫ್ ಹತ್ತಿರ ಡ್ರಮ್ ಪಾಠಕ್ಕೆ ಸೇರಿದರು. ಈ ಕೊಹ್ಲಾಫ್ ಮುಂದೆ ಹೆಸರಾಂತ ವಾದ್ಯವೃಂದವಾದ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್‌ನ ಮುಖ್ಯ ಟಿಂಪನಿ (ದೊಡ್ಡ ನಗಾರಿ) ವಾದಕರಾದವರು. ಅಂದರೆ ಗುರು ಸಿಕ್ಕಿದ್ದು ಗಟ್ಟಿ ಗುರುವೇ.

ಈ ಮೂರೂ ಸಂಗೀತದಲ್ಲಿ ಒಂದು ಸಾಮ್ಯ ಇದೆ, ಗಮನಿಸಿ. ಮೂರರಲ್ಲೂ ನಾಡಿ ಬಡಿತ ಗಟ್ಟಿಯಾಗಿ ಕೇಳಿಸುತ್ತದೆ. ಆ ನಾಡಿಯನ್ನು ಅವರು ಮುಂದೆ ಎಪ್ಪತ್ತು ವರ್ಷ ಬಿಡಲಿಲ್ಲ.

ಡ್ರಮ್ ಕಲಿತವರು ಕಾಲೇಜಿನಲ್ಲಿ ಓದಿದ್ದೇನು?

ತತ್ವಶಾಸ್ತ್ರ. ಕಾರ್ನೆಲ್ ವಿಶ್ವವಿದ್ಯಾಲಯದಿಂದ 1957ರಲ್ಲಿ ಪದವಿ. ಆಮೇಲೆ ಜೂಲಿಯಾರ್ಡ್‌ನಲ್ಲಿ ಸಂಯೋಜನೆ ಕಲಿತರು. ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜಿನಲ್ಲಿ ಇಟಲಿಯ ಸಂಯೋಜಕ ಲೂಚಾನೊ ಬೇರಿಯೊ ಹತ್ತಿರ ಓದಿ 1963ರಲ್ಲಿ ಎಂಎ ಮುಗಿಸಿದರು. ಹಗಲು ಆ ಕಾಲದ ತೀರಾ ಗಡುಸಾದ, ನಾಡಿ ಸಿಗದ ಆಧುನಿಕ ಸಂಗೀತದ ಪಾಠ. ರಾತ್ರಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ನುಡಿಸುವುದನ್ನು ಕೇಳಲು ಜಾಝ್ ಕ್ಲಬ್ಬಿಗೆ. ಗೆದ್ದಿದ್ದು ರಾತ್ರಿಯ ಪಾಠ ಅಂತ ನನ್ನ ಅಭಿಪ್ರಾಯ. ಓದು ಮುಗಿದ ಮೇಲೆ ಮೇಷ್ಟರ ಕೆಲಸಕ್ಕೆ ಹೋಗದೆ ಟ್ಯಾಕ್ಸಿ ಓಡಿಸಿದರು.

ರೈಶ್ ಸಂಗೀತದಲ್ಲಿ ‘ಫೇಸ್’ (phase) ಅಂತಾರಲ್ಲ, ಅದೇನು?

ಬೆಂಗಳೂರಿನ ಸಿಗ್ನಲ್‌ನಲ್ಲಿ ನಿಂತಾಗ ಮುಂದಿನ ಎರಡು ಗಾಡಿಗಳ ಇಂಡಿಕೇಟರ್ ನೋಡಿ. ಒಂದು ಗಳಿಗೆ ಎರಡೂ ಒಟ್ಟಿಗೆ ಮಿನುಗುತ್ತವೆ. ಮೆಲ್ಲಗೆ ಒಂದು ಮುಂದೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಒಂದು ಹತ್ತಿದಾಗ ಇನ್ನೊಂದು ಆರುತ್ತದೆ. ಮತ್ತೆ ಒಟ್ಟಿಗೆ ಬರುತ್ತವೆ. ಅದೇ ಫೇಸ್.

ರೈಶ್‌ಗೆ ಇದು ಸಿಕ್ಕಿದ್ದು ಅಕಸ್ಮಾತ್ತಾಗಿ. ಸ್ಯಾನ್ ಫ್ರಾನ್ಸಿಸ್ಕೋದ ಯೂನಿಯನ್ ಸ್ಕ್ವೇರ್‌ನಲ್ಲಿ ಒಬ್ಬ ಕಪ್ಪು ಬೋಧಕ ನಿಂತು ನೋಹನ ಜಲಪ್ರಳಯದ ಕಥೆ ಹೇಳುತ್ತಿದ್ದ. ಅವನ ಮಾತೇ ಅರ್ಧ ಹಾಡಾಗಿತ್ತು. ರೈಶ್ ಅದನ್ನು ರೆಕಾರ್ಡ್ ಮಾಡಿಕೊಂಡರು. ಒಂದೇ ತುಣುಕನ್ನು ಎರಡು ಅಗ್ಗದ ಟೇಪ್ ರೆಕಾರ್ಡರ್‌ಗಳಲ್ಲಿ ಸುತ್ತಲು ಬಿಟ್ಟರು. ಎರಡು ಯಂತ್ರಗಳ ವೇಗ ಕೂದಲೆಳೆಯಷ್ಟು ಬೇರೆ ಇತ್ತು. ದನಿ ದನಿಯಿಂದ ಜಾರುತ್ತಾ ಹೋಯಿತು. 1965ರ ‘ಇಟ್ಸ್ ಗಾನ ರೇನ್’ ಹುಟ್ಟಿದ್ದು ಹೀಗೆ. 1967ರ ‘ಪಿಯಾನೊ ಫೇಸ್’ನಲ್ಲಿ ಇದನ್ನೇ ಇಬ್ಬರು ಮನುಷ್ಯರ ಕೈಗೆ ಕೊಟ್ಟರು.

ಅವರ ಮೊದಲ ಮುಖ್ಯ ಕೃತಿಯಲ್ಲೇ ಬೈಬಲ್ ಕಥೆ ಇದೆ, ನೋಡಿದಿರಾ? ಆಗ ಅವರಿಗೆ ಬೇಕಿದ್ದದ್ದು ಆ ಬೋಧಕನ ಮಾತಿನ ಲಯ. ಕಥೆ ತಾನಾಗಿ ಜೊತೆಗೆ ಬಂತು.

ಆಫ್ರಿಕಾಕ್ಕೆ ಯಾಕೆ ಹೋದರು?

ಡ್ರಮ್ ಕಲಿಯಲು. 1970ರ ಬೇಸಿಗೆಯಲ್ಲಿ ಘಾನಾದ ಅಕ್ರಾಕ್ಕೆ ಹೋದರು. ಅಲ್ಲಿನ ವಿಶ್ವವಿದ್ಯಾಲಯದ ಆಫ್ರಿಕನ್ ಅಧ್ಯಯನ ಸಂಸ್ಥೆಯಲ್ಲಿ ಎವೆ ಜನಾಂಗದ ಗುರು ಗಿಡಿಯನ್ ಅಲೊರ್ವೊಯಿ ಅವರ ಹತ್ತಿರ ದಿನಾ ಪಾಠ. ಪಾಠವನ್ನು ರೆಕಾರ್ಡ್ ಮಾಡಿಕೊಂಡು, ಆಮೇಲೆ ಕೋಣೆಯಲ್ಲಿ ಕೂತು ಒಂದೊಂದೇ ವಾದ್ಯದ ಪೆಟ್ಟನ್ನು ಬರೆದುಕೊಳ್ಳುತ್ತಿದ್ದರು. ಇನ್ನೂ ಜಾಸ್ತಿ ದಿನ ಇರುತ್ತಿದ್ದರೇನೋ. ಆದರೆ ಮಲೇರಿಯಾ ಬಂತು. ಸುಮಾರು ಐದು ವಾರಕ್ಕೆ ವಾಪಸ್.

ಹೊಸದೇನೋ ಕಲಿತು ಬಂದೆ ಅನ್ನುವುದಕ್ಕಿಂತ, ನಾನು ಹಿಡಿದ ದಾರಿ ಸರಿ ಅನ್ನುವ ಧೈರ್ಯ ಅಲ್ಲಿ ಸಿಕ್ಕಿತು ಅಂತ ಅವರು ಹೇಳಿಕೊಂಡಿದ್ದಾರೆ. ಆ ಕಾಲದಲ್ಲಿ ಎಲ್ಲರೂ ಎಲೆಕ್ಟ್ರಾನಿಕ್ ಸಂಗೀತದ ಹಿಂದೆ ಬಿದ್ದಿದ್ದರು. ಚರ್ಮ, ಮರ, ಕೈ ಇಷ್ಟೇ ಸಾಕು, ಇದರಲ್ಲಿ ಅದಕ್ಕಿಂತ ಶ್ರೀಮಂತ ನಾದ ಇದೆ ಅಂತ ಘಾನಾ ಅವರಿಗೆ ತೋರಿಸಿಕೊಟ್ಟಿತು.

ಅಂದರೆ ಆಫ್ರಿಕಾದ ತಾಳವನ್ನು ಎತ್ತಿಕೊಂಡರು ಅಂತಲೇ?

ಈ ಪ್ರಶ್ನೆ ಕೇಳಲೇಬೇಕಾದದ್ದು. ರೈಶ್ ಅದನ್ನು ತಮಗೆ ತಾವೇ ಕೇಳಿಕೊಂಡಿದ್ದರು. ಘಾನಾದಿಂದ ಕಬ್ಬಿಣದ ಗಂಟೆಗಳನ್ನು ತಂದಿದ್ದರು. ತಮ್ಮ ಕೃತಿಗೆ ಶ್ರುತಿ ಹೊಂದಲಿ ಅಂತ ಅವನ್ನು ಅರದಿಂದ ಉಜ್ಜಬೇಕು ಅನ್ನುವ ಯೋಚನೆ ಬಂತು. ಆಮೇಲೆ ಅದು ತಪ್ಪು ಅನ್ನಿಸಿ ಬಿಟ್ಟುಬಿಟ್ಟರು. ಬೇರೆಯವರ ಸಂಗೀತದ ಸದ್ದನ್ನು ನಕಲು ಮಾಡಬಾರದು, ಅದು ಕಟ್ಟಿಕೊಂಡ ರೀತಿಯಿಂದ ಕಲಿಯಬಹುದು ಅನ್ನುವ ನಿಲುವಿಗೆ ಬಂದರು. ತಮ್ಮ ಊರಿನ ಅಂಗಡಿಯಲ್ಲಿ ಸಿಗುವ ಬಾಂಗೊ (ಪುಟ್ಟ ಜೋಡಿ ಡ್ರಮ್), ಮರಿಂಬಾ (ಮರದ ಪಟ್ಟಿಗಳ ವಾದ್ಯ) ಹಿಡಿದರು. ಈ ನಿಲುವು ಮುಂದೆ ಕೀರ್ತನೆಗಳ ಹತ್ತಿರ ಬಂದಾಗ ಮತ್ತೆ ಕೆಲಸಕ್ಕೆ ಬಂತು, ಅದನ್ನು ಕೆಳಗೆ ಹೇಳುತ್ತೇನೆ.

‘ಡ್ರಮ್ಮಿಂಗ್’ ಕೃತಿಯಲ್ಲಿ ಏನಾಗುತ್ತದೆ? ಬರೀ ಬಡಿತ ಅಲ್ವಾ?

ಸುಮಾರು ಒಂದು ಗಂಟೆಯ ಕೃತಿ. ಮೊದಲು ನುಡಿಸಿದ್ದು 1971ರ ಡಿಸೆಂಬರ್‌ನಲ್ಲಿ, ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ. ಇಡೀ ಕೃತಿಗೆ ಒಂದೇ ಒಂದು ಲಯದ ಜಾಡು.

ಶುರುವಾಗುವುದು ಹೀಗೆ. 12 ಮಾತ್ರೆಯ ಆವರ್ತ, ಅದರಲ್ಲಿ ಒಂದೇ ಪೆಟ್ಟು. ಮಿಕ್ಕ ಹನ್ನೊಂದು ಮೌನ. ಸ್ವಲ್ಪ ಹೊತ್ತಾದ ಮೇಲೆ ಒಂದು ಮೌನದ ಜಾಗಕ್ಕೆ ಇನ್ನೊಂದು ಪೆಟ್ಟು ಬಂದು ಕೂರುತ್ತದೆ. ಆಮೇಲೆ ಇನ್ನೊಂದು. ರಂಗೋಲಿಯ ಚುಕ್ಕಿ ಇಟ್ಟ ಹಾಗೆ. ಜಾಡು ಪೂರ್ತಿ ತುಂಬಿದ ಮೇಲೆ ಒಬ್ಬ ವಾದಕ ಮೆಲ್ಲಗೆ ಮುಂದಕ್ಕೆ ಜಾರುತ್ತಾನೆ. ನಾಲ್ಕು ಜೋಡಿ ಬಾಂಗೊಗಳಿಂದ ಅದು ಮೂರು ಮರಿಂಬಾಗಳಿಗೆ ದಾಟುತ್ತದೆ. ಆಮೇಲೆ ಗ್ಲಾಕನ್‌ಸ್ಪೀಲ್ ಅನ್ನುವ ಲೋಹದ ಪಟ್ಟಿಗಳಿಗೆ. ಕೊನೆಗೆ ಎಲ್ಲಾ ಸೇರುತ್ತವೆ.

ನನಗೆ ತುಂಬಾ ಹಿಡಿಸುವುದು ಮರಿಂಬಾ ಭಾಗ. ವಾದ್ಯಗಳ ನಡುವೆ ಹೆಂಗಸರ ದನಿ ಯಾವಾಗ ಸೇರಿಕೊಂಡಿತು ಅಂತಲೇ ಗೊತ್ತಾಗುವುದಿಲ್ಲ. ವಾದ್ಯ ಹೊರಡಿಸಿದ ಸದ್ದನ್ನೇ ಗಾಯಕಿಯರು ಬಾಯಲ್ಲಿ ಅನುಕರಿಸುತ್ತಾರೆ. ಬರೆಯುವಾಗ ರೈಶ್ ಕೂಡ ಡ್ರಮ್ಮಿನ ಜಾಡುಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಿದ್ದರು. ಕೊನ್ನಕ್ಕೋಲು, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕಲೆ, ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಡ್ರಮ್ಮರ್ ಒಬ್ಬರು ದನಿಯ ಕಡೆ ಹೆಜ್ಜೆ ಇಟ್ಟಿದ್ದು ಇಲ್ಲಿ.

ಮನೆಯಲ್ಲಿ ಏನಾದರೂ ನಾವೇ ಮಾಡಿ ನೋಡಬಹುದಾ?

ಖಂಡಿತ. 1972ರ ‘ಕ್ಲ್ಯಾಪಿಂಗ್ ಮ್ಯೂಸಿಕ್’ ಮಾಡಿ. ಇಬ್ಬರು ಬೇಕು, ನಾಲ್ಕು ಕೈ. ಬೇರೆ ಏನೂ ಬೇಡ. ವಾದ್ಯಗಳನ್ನು ಯುರೋಪ್ ತುಂಬಾ ಹೊತ್ತು ತಿರುಗಿ ಸುಸ್ತಾಗಿದ್ದಾಗ, ಬ್ರಸೆಲ್ಸ್‌ನಲ್ಲಿ ಫ್ಲಮೆಂಕೊ (ಸ್ಪೇನಿನ ಹಾಡು-ಕುಣಿತ) ಕಲಾವಿದರು ಚಪ್ಪಾಳೆ ಹೊಡೆಯುವುದನ್ನು ನೋಡಿ ಅವರಿಗೆ ಈ ಯೋಚನೆ ಬಂತು.

ಜಾಡು ಇದು. ಗೆರೆ ಇದ್ದಲ್ಲಿ ಮೌನ:

ತ ತ ತ – ತ ತ – ತ – ತ ತ –

ಒಟ್ಟು 12 ಮಾತ್ರೆ, 8 ಚಪ್ಪಾಳೆ. ಮೊದಲನೆಯವರು ಕೊನೆವರೆಗೂ ಇದನ್ನೇ ಹೊಡೆಯಬೇಕು. ಎರಡನೆಯವರು ಕೆಲವು ಆವರ್ತ ಜೊತೆಗಿದ್ದು, ಆಮೇಲೆ ಒಂದು ಮಾತ್ರೆ ಮುಂದಕ್ಕೆ ಹಾರಬೇಕು. ಆಗ ಅವರದು ಹೀಗಾಗುತ್ತದೆ:

ತ ತ – ತ ತ – ತ – ತ ತ – ತ

ಹೀಗೇ ಒಂದೊಂದೇ ಮಾತ್ರೆ ಸರಿಯುತ್ತಾ ಹೋದರೆ ಹನ್ನೆರಡನೇ ಸಲಕ್ಕೆ ಇಬ್ಬರೂ ಮತ್ತೆ ಒಂದಾಗುತ್ತಾರೆ. ನಮ್ಮ ಮನೆಯಲ್ಲಿ ಊಟದ ಮೇಜಿನ ಎದುರುಬದುರು ಕೂತು ನಾನು, ಮಗಳು ಇದನ್ನು ಅಭ್ಯಾಸ ಮಾಡಿದೆವು. ಮೊದಲ ವಾರ ಮೂರನೇ ಸರಿತಕ್ಕೆ ಕೈ ತಪ್ಪುತ್ತಿತ್ತು. ಅವಳೇ ಒಂದು ಉಪಾಯ ಕಂಡುಕೊಂಡಳು: ನನ್ನ ಕೈ ನೋಡದೆ ಗೋಡೆ ಕಡೆ ತಿರುಗಿ ಕೂತಳು. ಹದಿನೈದು ದಿನಕ್ಕೆ ಪೂರ್ತಿ ಸುತ್ತು ಬಂದೆವು. ಕೊನೆಗೆ ಎರಡು ಚಪ್ಪಾಳೆ ಒಂದೇ ಚಪ್ಪಾಳೆಯಾಗಿ ಕೇಳಿಸಿದ ಆ ಗಳಿಗೆ ನನಗೆ ಇನ್ನೂ ಮೈ ಜುಮ್ಮೆನ್ನಿಸುತ್ತದೆ.

ನಮ್ಮ ತಾಳ ಪದ್ಧತಿಯಿಂದ ಏನಾದರೂ ತೆಗೆದುಕೊಂಡರಾ?

ಕರ್ನಾಟಕ ಸಂಗೀತ, ಹಿಂದೂಸ್ತಾನಿ ಇವರ ಬೇರು ಅಲ್ಲ. ಬೇರು ಇರುವುದು ಜಾಝ್‌ನಲ್ಲಿ, ಬಾಖ್ ಮತ್ತು ಸ್ಟ್ರಾವಿನ್‌ಸ್ಕಿಯಲ್ಲಿ, ಘಾನಾದಲ್ಲಿ, ಬಾಲಿ ದ್ವೀಪದ ಲೋಹವಾದ್ಯಗಳ ಮೇಳವಾದ ಗಮೆಲಾನ್‌ನಲ್ಲಿ. ಗಮೆಲಾನ್ ಕಲಿತದ್ದು ಅಮೆರಿಕದಲ್ಲೇ, 1973 ಮತ್ತು 74ರಲ್ಲಿ. ಲಯದ ತರಬೇತಿ ಇರುವ ನಮ್ಮವರಿಗೆ ಇವರ ಸಂಗೀತ ಬೇಗ ಹತ್ತಿರವಾಗುತ್ತದೆ, ಅದು ಬೇರೆ ಮಾತು. ಭಾರತದ ಜೊತೆ ಇದ್ದ ನಂಟು ಯೋಗದ್ದು. ಸುಮಾರು ವರ್ಷ ಯೋಗಾಸನ, ಪ್ರಾಣಾಯಾಮ, ಧ್ಯಾನ ಮಾಡುತ್ತಿದ್ದರು.

ಹಾಗಾದರೆ ದೇವರ ಕಡೆ ತಿರುಗಿದ್ದು ಯಾವಾಗ?

1970ರ ದಶಕದ ನಡುವಿನಲ್ಲಿ, ನಲವತ್ತರ ಹೊಸ್ತಿಲಲ್ಲಿ. ಹುಟ್ಟಿದ್ದು ಯೆಹೂದಿ ಮನೆಯಲ್ಲಿ, ಆದರೆ ಮನೆಯಲ್ಲಿ ಆಚರಣೆ ಕಮ್ಮಿ. ಹೀಬ್ರೂ ಓದಲು ಬರುತ್ತಿರಲಿಲ್ಲ. ಘಾನಾಕ್ಕೆ ಹೋದರು, ಬಾಲಿಯ ಸಂಗೀತ ಕಲಿತರು. ಎಲ್ಲಾ ಕಡೆ ಕಂಡಿದ್ದು, ತಮ್ಮ ಹಿರಿಯರಿಂದ ಬಂದ ಸಂಗೀತವನ್ನು ಎದೆಗೆ ಒತ್ತಿ ಇಟ್ಟುಕೊಂಡ ಜನ. ಹಾಗಾದರೆ ನನ್ನದು ಯಾವುದು? ಯೆಹೂದಿಗಳದು ಸಾವಿರಾರು ವರ್ಷದ ಪರಂಪರೆ, ಆದರೆ ರೈಶ್ ಅವರಿಗೇ ಅದರ ಅಕ್ಷರ ಗೊತ್ತಿಲ್ಲ.

ಹೀಬ್ರೂ ಕಲಿಯಲು ಶುರು ಮಾಡಿದರು, ಯೆಹೂದಿಗಳ ಧರ್ಮಗ್ರಂಥ ತೋರಾ ಓದಿದರು. 1976–77ರಲ್ಲಿ ನ್ಯೂಯಾರ್ಕ್ ಮತ್ತು ಜೆರುಸಲೇಮ್‌ನಲ್ಲಿ ಹೀಬ್ರೂ ಗ್ರಂಥಗಳನ್ನು ಸ್ವರ ಹಾಕಿ ಓದುವ ಕ್ರಮ ಕಲಿತರು. ವೇದ ಹೇಳುವಾಗ ಅಕ್ಷರದ ಮೇಲೆ ಕೆಳಗೆ ಗುರುತು ಇರುತ್ತದಲ್ಲ, ಹಾಗೆಯೇ ಅಲ್ಲೂ ಗುರುತುಗಳಿವೆ. ಒಂದೊಂದು ಗುರುತಿಗೆ ಒಂದೊಂದು ಪುಟ್ಟ ಸ್ವರಗುಚ್ಛ. ಅವನ್ನು ಪೋಣಿಸುತ್ತಾ ಹೋದರೆ ಉದ್ದದ ರಾಗ ಆಗುತ್ತದೆ. ಆ ರಾಗಗಳನ್ನು ಅವರು ಎತ್ತಿಕೊಳ್ಳಲಿಲ್ಲ, ಪೋಣಿಸುವ ರೀತಿ ಕಲಿತರು. ಘಾನಾದ ಗಂಟೆ ಉಜ್ಜದೆ ಬಿಟ್ಟ ಮನುಷ್ಯ ಇಲ್ಲೂ ಅದನ್ನೇ ಮಾಡಿದರು. 1979ರ ‘ಆಕ್ಟೆಟ್’ನಲ್ಲಿ ಕೊಳಲಿನ ಸಾಲುಗಳು ಇದ್ದಕ್ಕಿದ್ದಂತೆ ಉದ್ದವಾಗಿದ್ದು ಈ ಕಲಿಕೆಯಿಂದ.

‘ತೆಹಿಲ್ಲಿಮ್’ ಅಂದರೆ ಏನು? ಅದಕ್ಕೆ ಯಾಕೆ ಅಷ್ಟು ಹೆಸರು?

ತೆಹಿಲ್ಲಿಮ್ ಅಂದರೆ ಹೀಬ್ರೂನಲ್ಲಿ ಸ್ತುತಿಗಳು. ಹಲ್ಲೆಲೂಯ ಪದದ ಬೇರೂ ಅದೇ. ಕನ್ನಡ ಬೈಬಲ್‌ನಲ್ಲಿ ಇದೇ ಭಾಗಕ್ಕೆ ‘ಕೀರ್ತನೆಗಳು’ ಅನ್ನುವ ಚಂದದ ಹೆಸರಿದೆ. 1981ರಲ್ಲಿ ರೈಶ್ ನಾಲ್ಕು ಕೀರ್ತನೆಗಳಿಂದ ಸಾಲು ಆರಿಸಿ ಸುಮಾರು ಅರ್ಧ ಗಂಟೆಯ ಕೃತಿ ಬರೆದರು. 19, 34, 18 ಮತ್ತು 150ನೆಯವು. ನಾಲ್ವರು ಗಾಯಕಿಯರು, ಆರು ಮಂದಿ ತಾಳವಾದ್ಯದವರು, ಕೊಳಲು ಜಾತಿಯ ವಾದ್ಯಗಳು, ಎರಡು ಆರ್ಗನ್, ತಂತಿವಾದ್ಯಗಳು. ಬರೆಸಿದವರಲ್ಲಿ ಎರಡು ಜರ್ಮನ್ ರೇಡಿಯೊ ಕೇಂದ್ರಗಳಿದ್ದವು. ಯೆಹೂದಿಗಳ ನರಮೇಧ ನಡೆಸಿದ ಜರ್ಮನಿಯಲ್ಲೇ, ಎರಡನೇ ಮಹಾಯುದ್ಧ ಮುಗಿದು 36 ವರ್ಷಕ್ಕೆ, ಈ ಹೀಬ್ರೂ ಕೃತಿ ಮೊದಲ ಸಲ ಕೇಳಿಸಿತು. ಇದನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಹೆಡ್‌ಫೋನ್ ಹಾಕಿ ಮೊದಲ ನಿಮಿಷ ಕೇಳಿ. ಚಪ್ಪಾಳೆ, ಒಂದು ಪುಟ್ಟ ಚರ್ಮವಾದ್ಯ, ಒಬ್ಬಳೇ ಗಾಯಕಿ. ಅಷ್ಟೇ. ‘ಹಶಮಾಯಿಮ್’ ಅಂತ ಶುರುವಾಗುತ್ತದೆ, ಆಕಾಶಗಳು ಅಂತ ಅರ್ಥ. ಆಕಾಶವೇ ದೇವರ ಮಹಿಮೆ ಸಾರುತ್ತದೆ, ಅದಕ್ಕೆ ಮಾತಿಲ್ಲ, ಆದರೂ ಅದರ ದನಿ ಲೋಕವೆಲ್ಲಾ ಹರಡುತ್ತದೆ ಅನ್ನುವ ಕೀರ್ತನೆ. ಸ್ವಲ್ಪ ಹೊತ್ತಿಗೆ ಕ್ಲಾರಿನೆಟ್ ಬಂದು ಅವಳ ದನಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಬೇರೆ ದನಿಗಳು ಒಂದರ ಹಿಂದೆ ಒಂದು ಅದೇ ರಾಗ ಹಿಡಿದು ಹೊರಡುತ್ತವೆ. ಫೇಸ್ ಅಂದೆನಲ್ಲ, ಅದರ ಮೊಮ್ಮಗು ಇದು.

ಕೈಯಲ್ಲಿ ತಾಳ ಹಾಕಲು ಹೋಗಬೇಡಿ, ಸಿಗುವುದಿಲ್ಲ. 12 ಮಾತ್ರೆಯ ಆವರ್ತ ಇಲ್ಲಿಲ್ಲ. ಹೀಬ್ರೂ ಪದಗಳು ಉಸಿರಾಡಿದ ಹಾಗೆ ಲಯ ಬದಲಾಗುತ್ತದೆ. ಎರಡು ಮಾತ್ರೆ, ಮೂರು ಮಾತ್ರೆಗಳ ಬೆರಕೆ. ನಮ್ಮ ಬಾಯಲ್ಲಿ ಹೇಳುವುದಾದರೆ ತಕ ತಕಿಟ ತಕ ತಕ ತಕಿಟ, ಈ ಥರ, ಪ್ರತಿ ಸಾಲಿಗೂ ಬೇರೆ. ಮೊದಲು ಕೈ ಲಯ ಕೊಡುತ್ತಿತ್ತು, ಈಗ ಗ್ರಂಥದ ಮಾತು ಕೊಡುತ್ತಿದೆ. ಡ್ರಮ್ ಮಾತ್ರ ಎಲ್ಲೂ ಹೋಗಲಿಲ್ಲ, ಮಾತಿನ ಪಕ್ಕದಲ್ಲೇ ನಡೆಯುತ್ತಿದೆ.

ಮೂರನೇ ಭಾಗ ನಿಧಾನ. ವಿದ್ಯಾರ್ಥಿ ದಿನಗಳ ನಂತರ ಅವರು ಬರೆದ ಮೊದಲ ವಿಳಂಬ ಭಾಗ ಅದು. ನಾಲ್ಕನೇ ಭಾಗಕ್ಕೆ 150ನೇ ಕೀರ್ತನೆ ಬರುತ್ತದೆ. ಅದು ವಾದ್ಯಗಳ ಪಟ್ಟಿಯೇ: ಚರ್ಮವಾದ್ಯ ಬಡಿದು ಕುಣಿಯುತ್ತಾ ಸ್ತುತಿಸಿ, ತಂತಿ ಮೀಟಿ, ಕೊಳಲೂದಿ, ತಾಳ ತಟ್ಟಿ. ಆ ಚರ್ಮವಾದ್ಯಕ್ಕೆ ಹೀಬ್ರೂನಲ್ಲಿ ‘ತೋಫ್’ ಅನ್ನುತ್ತಾರೆ, ಕನ್ನಡ ಬೈಬಲ್‌ನಲ್ಲಿ ‘ದಮ್ಮಡಿ’. ರೈಶ್ ತಮ್ಮ ಕೃತಿಯಲ್ಲಿ ಬಿಲ್ಲೆಗಳಿಲ್ಲದ ಚಿಕ್ಕ ಟ್ಯಾಂಬೊರಿನ್ ಇಟ್ಟಿರುವುದು ತೋಫ್‌ಗೆ ಅದು ಹತ್ತಿರ ಅಂತಲೇ. ತಾಳದ ಜಾಗಕ್ಕೆ ಶ್ರುತಿ ಇರುವ ಪುಟ್ಟ ಲೋಹದ ಬಿಲ್ಲೆಗಳಿವೆ. ಗಾಯಕಿಯರು ತೋಫ್ ಅಂತ ಹಾಡುವಾಗ ಪಕ್ಕದಲ್ಲೇ ಅದು ನುಡಿಯುತ್ತಿರುತ್ತದೆ. 14ರ ವಯಸ್ಸಿನಲ್ಲಿ ಹಿಡಿದ ಕೋಲಿಗೆ ಗ್ರಂಥದಲ್ಲೇ ಜಾಗ ಸಿಕ್ಕಿತು.

ಕೀರ್ತನೆಗಳನ್ನೇ ಯಾಕೆ ಆರಿಸಿದರು?

ತೋರಾ ಓದಲು ಈಗಾಗಲೇ ಗೊತ್ತಾದ ಸ್ವರ ಇದೆ. ಅದನ್ನು ಮುಟ್ಟಿದರೆ ಒಂದೋ ನಕಲು ಮಾಡಬೇಕು, ಇಲ್ಲವೇ ಕಡೆಗಣಿಸಬೇಕು. ಕೀರ್ತನೆಗಳ ಹಳೆಯ ಹಾಡುವ ಕ್ರಮ ಪಶ್ಚಿಮದ ಯೆಹೂದಿಗಳಲ್ಲಿ ಕಳೆದುಹೋಗಿತ್ತು. ಯೆಮನ್‌ನ ಯೆಹೂದಿಗಳಲ್ಲಿ ಮಾತ್ರ ಉಳಿದಿತ್ತು. ಹಾಗಾಗಿ ಹೊಸ ರಾಗ ಹಾಕಲು ಅವರ ಕೈ ಬಿಡುವಾಗಿತ್ತು.

ಇದು ಶಾಸ್ತ್ರೀಯವೋ ಭಕ್ತಿ ಸಂಗೀತವೋ?

ಕಛೇರಿ ಸಭಾಂಗಣಕ್ಕೆ ಬರೆದದ್ದು, ಪ್ರಾರ್ಥನಾ ಮಂದಿರಕ್ಕೆ ಅಲ್ಲ. ಆದರೆ ಬರೆದವರು ಆ ಮಾತನ್ನು ನಂಬಿ ಬರೆದಿದ್ದಾರೆ. ತ್ಯಾಗರಾಜರ ಕೃತಿಯನ್ನು ಸಭೆಯಲ್ಲಿ ಕೇಳಿ ಬೆಳೆದ ನಮಗೆ ಇದರಲ್ಲಿ ತೊಡಕೇನಿಲ್ಲ.

ಆಮೇಲೆ ಏನು ಬರೆದರು?

ಬೇಕಾದಷ್ಟು. ಎರಡು ಮೂರು ಹೇಳುತ್ತೇನೆ. ಅಪ್ಪ ಅಮ್ಮ ಬೇರೆಯಾಗಿದ್ದರಿಂದ ಪುಟ್ಟ ಸ್ಟೀವ್ ನ್ಯೂಯಾರ್ಕ್‌ನಿಂದ ಲಾಸ್ ಏಂಜಲಿಸ್‌ಗೆ ರೈಲಿನಲ್ಲಿ ಓಡಾಡುತ್ತಿದ್ದ, 1939ರಿಂದ 42ರವರೆಗೆ. ಅದೇ ವರ್ಷಗಳಲ್ಲಿ ಯುರೋಪಿನಲ್ಲಿದ್ದಿದ್ದರೆ ಯೆಹೂದಿಯಾದ ನಾನು ಹತ್ತಬೇಕಾದ ರೈಲು ಬೇರೆಯೇ, ನಾಜಿಗಳ ಯಾತನಾ ಶಿಬಿರಕ್ಕೆ ಹೋಗುವ ರೈಲು, ಆಗಿರುತ್ತಿತ್ತು ಅನ್ನುವ ಯೋಚನೆಯಿಂದ 1988ರ ‘ಡಿಫರೆಂಟ್ ಟ್ರೇನ್ಸ್’ ಬಂತು. ಯಾತನಾ ಶಿಬಿರಗಳಿಂದ ಬದುಕಿ ಬಂದವರ ಮಾತಿನ ಏರಿಳಿತವನ್ನೇ ತಂತಿವಾದ್ಯಗಳು ನುಡಿಸುತ್ತವೆ. ‘ದಿ ಕೇವ್’ ಕೃತಿಯನ್ನು ಪತ್ನಿ, ವಿಡಿಯೊ ಕಲಾವಿದೆ ಬೆರಿಲ್ ಕೊರೊಟ್ ಜೊತೆ ಸೇರಿ ಮಾಡಿದ್ದು, 1993ರಲ್ಲಿ. ಅಬ್ರಹಾಮನ ಸಮಾಧಿ ಇರುವ ಹೆಬ್ರೋನ್ ಗುಹೆಯ ಕಥೆಯನ್ನು ಇಸ್ರೇಲಿಗಳು, ಪ್ಯಾಲೆಸ್ಟೀನಿಯರು, ಅಮೆರಿಕನ್ನರು ತಮ್ಮ ತಮ್ಮ ಬಾಯಿಂದ ಹೇಳುತ್ತಾರೆ. 2004ರ ‘ಯು ಆರ್ (ವೇರಿಯೇಷನ್ಸ್)’ನಲ್ಲಿ ಕೀರ್ತನೆಯ ಸಾಲಿನ ಪಕ್ಕ, ರೈಶ್ ಕಾಲೇಜಿನಲ್ಲಿ ಓದಿಕೊಂಡಿದ್ದ ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಮಾತೂ ಇದೆ.

ಡ್ರಮ್ ಇಲ್ಲದೆ ಏನನ್ನಾದರೂ ಬರೆದಿದ್ದಾರಾ?

ಬರೆದಿದ್ದಾರೆ. ‘ಟ್ರಾವೆಲರ್ಸ್ ಪ್ರೇಯರ್’, 2020ರಲ್ಲಿ ಮುಗಿಸಿದ್ದು, 2021ರ ಅಕ್ಟೋಬರ್‌ನಲ್ಲಿ ಆಮ್ಸ್ಟರ್‌ಡ್ಯಾಮ್‌ನಲ್ಲಿ ಮೊದಲ ಪ್ರದರ್ಶನ. ಯೆಹೂದಿಗಳು ಪ್ರಯಾಣಕ್ಕೆ ಹೊರಡುವಾಗ ಹೇಳುವ ಪ್ರಾರ್ಥನೆಯ ಸಾಲುಗಳು. ಇದರಲ್ಲಿ ಆ ನಾಡಿ ಬಡಿತವೇ ಇಲ್ಲ. ದನಿಗಳು ಸುಮ್ನೆ ತೇಲುತ್ತವೆ. ಜೀವಮಾನವಿಡೀ ನಾಡಿ ಹಿಡಿದು ಕೂತಿದ್ದ ಮನುಷ್ಯ ಎಂಬತ್ತು ದಾಟಿದ ಮೇಲೆ ಅದನ್ನು ಕೈಬಿಟ್ಟು ಬರೆದರು. ಮೊದಲ ಸಲ ಕೇಳಿದಾಗ ನಾನು ತೊಡೆಯ ಮೇಲೆ ಬೆರಳಿಟ್ಟು ಬಡಿತಕ್ಕಾಗಿ ಕಾಯುತ್ತಾ ಕೂತಿದ್ದೆ. ಬರಲೇ ಇಲ್ಲ. ಎರಡನೇ ಸಲ ಬೆರಳು ತಾನೇ ಸುಮ್ಮನಾಯಿತು.

ಎಲ್ಲಿಂದ ಕೇಳಲು ಶುರು ಮಾಡಲಿ?

ತಾಳವಾದ್ಯದವರು ‘ಡ್ರಮ್ಮಿಂಗ್’ ಮೊದಲ ಭಾಗದಿಂದ. ಹಾಡುಗಾರರು ನೇರ ‘ತೆಹಿಲ್ಲಿಮ್’ಗೆ ಹೋಗಿ. ಇಬ್ಬರೂ ಅಲ್ಲದವರಿಗೆ 1976ರ ‘ಮ್ಯೂಸಿಕ್ ಫಾರ್ 18 ಮ್ಯೂಸಿಷಿಯನ್ಸ್’. ಸುಮಾರು ಒಂದು ಗಂಟೆ ಬೇಕು. ರಾತ್ರಿ ಬಸ್ಸಿನಲ್ಲಿ ಕೇಳಿ, ದೀಪಗಳು ಹಿಂದೆ ಸರಿಯುವಾಗ. ಬೇಜಾರಾದರೆ ನಿಲ್ಲಿಸಿ, ಇನ್ನೊಂದು ದಿನ ಮತ್ತೆ ಹಾಕಿ. ಹಿನ್ನೆಲೆಗೆ ಮಾತ್ರ ಹಾಕಬೇಡಿ. ಸಣ್ಣ ಸಣ್ಣ ಬದಲಾವಣೆಗಳೇ ಇದರ ಜೀವ.

ನನ್ನ ಮಗ ಡ್ರಮ್ ಕಲಿಯುತ್ತಿದ್ದಾನೆ. ರಾಗ, ಸ್ವರ ಎಲ್ಲಾ ಕಲಿಸಬೇಕಾ?

ಕಲಿಸಿ, ಆದರೆ ಡ್ರಮ್ ಬಿಡಿಸಿ ಕಲಿಸಬೇಡಿ. ಬಾರಿಸುವುದನ್ನೆಲ್ಲ ಬಾಯಲ್ಲಿ ಹೇಳಿಸಿ. ಅಜ್ಜಿ ಹೇಳುವ ಶ್ಲೋಕಕ್ಕೋ, ಮನೆಯಲ್ಲಿ ಓದುವ ಪ್ರಾರ್ಥನೆಗೋ ಕೈಯಲ್ಲಿ ಲಯ ಹಿಡಿಯಲು ಹೇಳಿ. ಪದ ಎಲ್ಲಿ ಎರಡಾಗಿ ಮುರಿಯುತ್ತದೆ, ಎಲ್ಲಿ ಮೂರಾಗಿ ಅಂತ ಅವನೇ ಕಂಡುಕೊಳ್ಳಲಿ. ಸಂಜೆ ಅವನ ಎದುರು ಕೂತು ಆ ಎಂಟು ಚಪ್ಪಾಳೆ ಹೊಡೆಯಿರಿ. ಮೊದಲು ಸರಿಯುವುದು ಅವನೇ ಆಗಲಿ, ನೀವು ನಿಂತಲ್ಲೇ ನಿಲ್ಲಿ.